ಸಾಮಿಲ್ಲಿನ ಹಲಗೆಯಿಂದ ಬಿಲ್ಲು ಮಾಡುವುದು

ಹಲಗೆಯಿಂದ ಬಿಲ್ಲು ಮಾಡುವುದನ್ನು ಹೇಳಿಕೊಡುವ ವಿದೇಶಿ ಕೈಪಿಡಿಗಳಲ್ಲಿ ಬಹುಪಾಲು ‘ರೆಡ್ ಓಕ್’ ಹಲಗೆಯನ್ನೇ ಹೆಸರಿಸುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಓಕ್ ಎಂದೊಡನೆ ಕಣ್ಣಿಗೆ ಬರುವುದು ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸಿ, ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್. ನಾನೂ ಹಾಗೆಯೇ ತಿಳಿದು ನನ್ನ ಮೊದಲ ಬಿಲ್ಲನ್ನು ಸಿಲ್ವರ್ ಓಕ್ ಹಲಗೆಯಿಂದ ಮಾಡಿದೆ. ಹೆದೆಯನ್ನು ಎರಡು ಅಡಿಯಷ್ಟು ಎಳೆಯುವಷ್ಟರಲ್ಲಿ ಅದು ಹಿಡಿಯಿಂದ ಒಂದು ಗೇಣು ಮೇಲೆ ಎರಡು ತುಂಡಾಯಿತು. ಸಿಲ್ವರ್ ಓಕ್ ಆಸ್ಟ್ರೇಲಿಯ ಮೂಲದ ಮರ. ಹೆಸರಿನಲ್ಲಿ ಓಕ್ ಇದ್ದರೂ ನಿಜವಾದ ಓಕ್ ಮರಗಳ ಕುಟುಂಬಕ್ಕೂ ಅದಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಅದು ಒಳ್ಳೆಯ ಮರವೇ ಹೌದು, ಆದರೆ ಬಾಗಿ ಮತ್ತೆ ನೆಟ್ಟಗಾಗುವ ಕೆಲಸಕ್ಕೆ ಹೇಳಿಸಿದ್ದಲ್ಲ.

ಆ ಮುರಿದ ತುಂಡನ್ನು ನಾನು ಎಸೆಯಲಿಲ್ಲ, ಏಕೆಂದರೆ ಅದರ ಮುರಿದ ಬಾಯಿಯೇ ಪಾಠವಾಗಿತ್ತು. ಒಳ್ಳೆಯ ನಾರಿರುವ ಮರ ಮುರಿದಾಗ ಉದ್ದುದ್ದ ಸಿಬಿರು ಎದ್ದು, ಎರಡು ತುಂಡುಗಳೂ ನಾರಿನಿಂದಲೇ ಒಂದಕ್ಕೊಂದು ಜೋತುಕೊಂಡಿರುತ್ತವೆ. ಇದು ಮಾತ್ರ ಮೂಲಂಗಿ ಮುರಿದಂತೆ ಅಡ್ಡಡ್ಡಲಾಗಿ ತುಂಡಾಗಿತ್ತು. ಇನ್ನೂ ಹತ್ತಿರದಿಂದ ನೋಡಿದರೆ, ಹಲಗೆಯ ಉದ್ದಕ್ಕೂ ಸಾಗಬೇಕಾಗಿದ್ದ ಮರದ ಗೆರೆ ಅದೇ ಜಾಗದಲ್ಲಿ ಓರೆಯಾಗಿ ಬಂದು ಅಂಚಿನಿಂದ ಹೊರಗೆ ಹೋಗಿತ್ತು. ಮರದ ಜಾತಿ ಬೇರೆಯಾಗಿದ್ದರೂ ಆ ಗೆರೆಯ ದೆಸೆಯಿಂದ ಬಿಲ್ಲು ಅಲ್ಲೇ ಮುರಿಯುತ್ತಿತ್ತು. ಹಾಗೇಕೆ ಎಂಬುದು ತಿಳಿಯಬೇಕಾದರೆ ಬಾಗುವ ಹಲಗೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಬಿಲ್ಲು ಹಿಡಿದವನಿಂದ ಆಚೆಗೆ, ಗುರಿಯ ಕಡೆಗೆ ಇರುವ ಮೈಯನ್ನು ಬಿಲ್ಲಿನ ಬೆನ್ನು ಎನ್ನೋಣ. ಹಿಡಿದವನ ಕಡೆಗಿರುವ ಮೈಯನ್ನು ಹೊಟ್ಟೆ ಎನ್ನೋಣ. ಹಿಡಿಯ ಮೇಲೆ ಮತ್ತು ಕೆಳಗೆ ಬಾಗುವ ಎರಡು ಭಾಗಗಳನ್ನು ತೋಳುಗಳೆನ್ನೋಣ. ಹೆದೆ ಎಳೆದಾಗ ಬೆನ್ನಿನ ನಾರುಗಳು ಹಿಗ್ಗುತ್ತವೆ, ಹೊಟ್ಟೆಯ ನಾರುಗಳು ಅದುಮಿಕೊಂಡು ಕುಗ್ಗುತ್ತವೆ, ಇವೆರಡರ ನಡುವೆ ಹಿಗ್ಗದೆಯೂ ಕುಗ್ಗದೆಯೂ ಉಳಿಯುವ ಒಂದು ತಟಸ್ಥ ಪದರ ಇರುತ್ತದೆ. 12 ಮಿ.ಮೀ. ದಪ್ಪದ ತೋಳು 1 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ಬಾಗಿತೆನ್ನೋಣ. ಆಗ ಬೆನ್ನಿನ ಮೇಲ್ಮೈ ಶೇ. 0.6ರಷ್ಟು ಹಿಗ್ಗುತ್ತದೆ, ಅಂದರೆ 70 ಸೆಂ.ಮೀ. ಉದ್ದದ ತೋಳಿನ ಬೆನ್ನು 4 ಮಿ.ಮೀ.ಗಿಂತ ತುಸು ಹೆಚ್ಚು ಉದ್ದವಾಗುತ್ತದೆ, ಹೊಟ್ಟೆ ಅಷ್ಟೇ ಗಿಡ್ಡವಾಗುತ್ತದೆ. ಹುಲ್ಲಿನಂತೆ ಬಳುಕದ ಒಣಮರಕ್ಕೆ ಇದು ದೊಡ್ಡ ಬೇಡಿಕೆ. ಅದೇ ಬಾಗಿಗೆ ತೋಳಿನ ದಪ್ಪ 16 ಮಿ.ಮೀ. ಇದ್ದರೆ ಹಿಗ್ಗು ಶೇ. 0.8ಕ್ಕೆ ಏರುತ್ತದೆ. ಬಿಲ್ಲು ದಪ್ಪಗಿದ್ದಷ್ಟೂ ಗಟ್ಟಿ, ಆದ್ದರಿಂದ ಮುರಿಯುವುದಿಲ್ಲ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ದಪ್ಪ ಹೆಚ್ಚಿದಂತೆ ಅದೇ ಬಾಗಿನಲ್ಲಿ ಹೊರಮೈಯ ನಾರಿಗೆ ಬೀಳುವ ಎಳೆತವೂ ಹೆಚ್ಚುತ್ತದೆ.

ಬೆನ್ನಿನ ಎಳೆತವನ್ನು ತಡೆಯುವುದು ತೋಳಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಸಾಗುವ ನಾರು. ಗೆರೆ ಓರೆಯಾಗಿ ಅಂಚಿನಿಂದ ಹೊರಗೆ ಹೋಯಿತೆಂದರೆ ಆ ಜಾಗದಲ್ಲಿ ನಾರು ಕಡಿದಿದೆ ಎಂದರ್ಥ. ಅಲ್ಲಿ ಎಳೆತವನ್ನು ಹೊರುವುದು ನಾರಲ್ಲ, ನಾರನ್ನು ನಾರಿಗೆ ಅಂಟಿಸಿರುವ ಬೆಸುಗೆ ಮಾತ್ರ. ಮರದ ಬೆಸುಗೆಯ ಬಲ ನಾರಿನ ಬಲದ ಒಂದು ಸಣ್ಣ ಪಾಲು. ಸೌದೆಯನ್ನು ಉದ್ದುದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ ಎಂಬುದು ಕೊಡಲಿ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿಯೇ.

ಇನ್ನೊಂದು ಲೆಕ್ಕವನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳದೆ ಉಜ್ಜುಗೊರಡನ್ನು ಕೈಗೆ ತೆಗೆದುಕೊಳ್ಳಬಾರದು. ತೋಳಿನ ಬಿಗುಪು ಅದರ ಅಗಲಕ್ಕೆ ನೇರ ಅನುಪಾತದಲ್ಲಿರುತ್ತದೆ, ದಪ್ಪಕ್ಕಾದರೋ ದಪ್ಪದ ಘನದ ಅನುಪಾತದಲ್ಲಿ. ಅಗಲ ಎರಡರಷ್ಟಾದರೆ ಬಿಗುಪು ಎರಡರಷ್ಟು. ದಪ್ಪ ಎರಡರಷ್ಟಾದರೆ ಎಂಟರಷ್ಟು. ತೋಳಿನ ಅಗಲದಲ್ಲಿ ಹತ್ತನೆಯ ಒಂದು ಪಾಲು ತೆಗೆದರೆ ಬಿಗುಪು ಶೇ. 10ರಷ್ಟು ಇಳಿಯುತ್ತದೆ, ದಪ್ಪದಲ್ಲಿ ಹತ್ತನೆಯ ಒಂದು ಪಾಲು ತೆಗೆದರೆ ಶೇ. 27ರಷ್ಟು ಇಳಿಯುತ್ತದೆ. 12 ಮಿ.ಮೀ.ನಲ್ಲಿ ಹತ್ತನೆಯ ಒಂದು ಪಾಲು ಎಂದರೆ ಒಂದು ಮಿ.ಮೀ.ಗಿಂತ ಕೊಂಚ ಹೆಚ್ಚು ಅಷ್ಟೇ. ಒಂದೇ ಜಾಗದಲ್ಲಿ ಉಜ್ಜುಗೊರಡನ್ನು ನಾಲ್ಕಾರು ಸಲ ಮೈಮರೆತು ಎಳೆದರೆ ಬಿಲ್ಲಿನ ಕಾಲು ಭಾಗ ಬಲ ಹೊಟ್ಟಿನ ರಾಶಿಗೆ ಸೇರಿತೆಂದೇ ತಿಳಿಯಬೇಕು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಬಿಲ್ಲಿನ ವರ್ತನೆಯನ್ನು ಗಣಿತದಿಂದ ಪರಿಶೀಲಿಸಿ, ಉರುಟಾದ ದಪ್ಪ ತೋಳಿಗಿಂತ ಚಪ್ಪಟೆಯಾದ ಅಗಲ ತೋಳು ಮರಕ್ಕೆ ಹೆಚ್ಚು ಒಗ್ಗುತ್ತದೆ ಎಂಬ ನಿಲುವಿಗೆ ಬಂದದ್ದು ಇದೇ ಲೆಕ್ಕದ ಆಧಾರದ ಮೇಲೆ. ಹಲಗೆಯ ಬಿಲ್ಲಿಗೆ ಇದು ಒಳ್ಳೆಯ ಸುದ್ದಿ, ಹಲಗೆ ಹುಟ್ಟಿನಿಂದಲೇ ಚಪ್ಪಟೆಯಲ್ಲವೇ.

ಹಾಗಾದರೆ ನಮ್ಮ ಕಡೆ ಯಾವ ಮರ? ಮಲೆನಾಡಿನ ಅಂಚಿನ ಕಾಡುಗಳಲ್ಲಿ ಬೆಳೆಯುವ ದಡಸಲು, ಕೆಲವರ ಬಾಯಲ್ಲಿ ತಡಸಲು, ನನ್ನ ಮೊದಲ ಆಯ್ಕೆ. ಕೊಡಲಿಯ ಕಾವಿಗೆ, ಗಾಡಿಯ ಮೂಕಿಗೆ, ದೋಣಿಯ ಹುಟ್ಟಿಗೆ, ಅಂದರೆ ಏಟನ್ನೂ ಬಾಗನ್ನೂ ತಾಳಬೇಕಾದ ಕೆಲಸಗಳಿಗೆ, ಹಿಂದಿನಿಂದ ಬಳಸುತ್ತ ಬಂದ ಮರ ಇದು. ಸಂಸ್ಕೃತದಲ್ಲಿ ಇದನ್ನು ಧನುರ್ವೃಕ್ಷ ಎಂದೇ ಕರೆದಿದ್ದಾರೆ. ಆದರೆ ಸಾಮಿಲ್ಲಿನಲ್ಲಿ ಕೇಳಿದಾಗಲೆಲ್ಲ ಅದು ಸಿಗುವುದಿಲ್ಲ. ಸಾಗುವಾನಿ ಸುಲಭವಾಗಿ ಸಿಗುತ್ತದೆ, ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಬೆನ್ನಿನ ಎಳೆತದಲ್ಲಿ ಅದು ಅಷ್ಟೇನೂ ಸಹನೆಯ ಮರವಲ್ಲ. ಜೊತೆಗೆ ಅದರ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲವಾದ್ದರಿಂದ ಅಂಟಿಸುವ ಮುನ್ನ ಮೈಯನ್ನು ಥಿನ್ನರ್‌ನಿಂದ ಒರೆಸಬೇಕು. ಸಾಗುವಾನಿಯ ಬೆನ್ನಿಗೆ ಬಿದಿರಿನ ಸೀಳನ್ನು ಅಂಟಿಸಿದರೆ ಮಾತ್ರ ಕಥೆ ಬದಲಾಗುತ್ತದೆ. ಬಿದಿರಿನ ಬಲವೆಲ್ಲ ಹೊರ ಸಿಪ್ಪೆಯ ಹತ್ತಿರದ ಒತ್ತೊತ್ತಾದ ನಾರಿನಲ್ಲಿದೆ. ಸಿಪ್ಪೆಯ ಕಡೆಯನ್ನು ಮುಟ್ಟದೆ, ಒಳಗಿನಿಂದ ಕೆತ್ತಿ ಮೂರು ನಾಲ್ಕು ಮಿ.ಮೀ.ಗೆ ಇಳಿಸಿದ ಸೀಳು ಎಳೆತವನ್ನು ಹೊತ್ತುಕೊಂಡು, ಅದುಮಿಕೊಳ್ಳುವ ಕೆಲಸವನ್ನಷ್ಟೇ ಮರಕ್ಕೆ ಬಿಡುತ್ತದೆ. ಇಂಥ ಹಂಚಿಕೆಯನ್ನು ಕೆಲವು ಮರಗಳು ತಮ್ಮಷ್ಟಕ್ಕೇ ಮಾಡಿಕೊಂಡಿರುತ್ತವೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ 170ಕ್ಕೂ ಹೆಚ್ಚು ಬಿಲ್ಲುಗಳು ಯೂ ಮರದವು; ಆ ಮರದ ತೊಗಟೆಯಡಿಯ ಬಿಳಿಪದರ ಬೆನ್ನಿಗೂ ಒಳಗಿನ ಕೆಚ್ಚು ಹೊಟ್ಟೆಗೂ ಬರುವಂತೆ ಕಡಿಯುತ್ತಿದ್ದರು. ನಮ್ಮ ಮಕ್ಕಳು ಅಡಿಕೆ ದಬ್ಬೆಯನ್ನು ಬಾಗಿಸಿ ಆಟದ ಬಿಲ್ಲು ಮಾಡುವಾಗ ಸಿಪ್ಪೆಯ ಕಡೆಯನ್ನು ಹೊರಗಿಡುವುದರಲ್ಲೂ ಇದೇ ತಿಳಿವಳಿಕೆ ಇದೆ. ಒಂದು ಮಾತನ್ನು ಇಲ್ಲೇ ಹೇಳಬೇಕು: ಮರವನ್ನು ರಸೀತಿ ಕೊಡುವ ಸಾಮಿಲ್ಲಿನಿಂದಲೇ ಕೊಳ್ಳಬೇಕು, ಕಾಡಿನಿಂದ ಕಡಿದು ತರುವ ಯೋಚನೆ ಬೇಡ. ಹಾಗೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಈ ಬಿಲ್ಲಿಗಿರುವುದು ಹುಲ್ಲಿನ ಗುರಿ ಮಾತ್ರ.

ಹಲಗೆಯನ್ನು ಆರಿಸುವುದು ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಘಟ್ಟ. ಅರ್ಧ ದಿನವಾದರೂ ಇದಕ್ಕೆ ಮೀಸಲಿಡಬೇಕು. ಬೇಲೂರಿನ ಕಡೆಯ ಒಬ್ಬ ಹಿರಿಯ ಆಚಾರರು ನನ್ನ ಜೊತೆ ಬಂದು ಹಲಗೆಗಳ ಅಟ್ಟಿಯಿಂದ ಒಂದೊಂದನ್ನೇ ಎಳೆದು ಬಿಸಿಲಿಗೆ ಹಿಡಿದರು. “ಆಚಾರ್ರೇ, ಇದು ನೆಟ್ಟಗಿದೆಯಲ್ಲ” ಎಂದೆ. “ಹಲಗೆ ನೆಟ್ಟಗಿದೆ ಕಣಪ್ಪ, ಗೆರೆ ನೆಟ್ಟಗಿಲ್ಲ. ಗರಗಸ ಎಂಥಾ ಡೊಂಕು ಮರಾನೂ ನೆಟ್ಟಗೆ ಕೊಯ್ತದೆ” ಎಂದು ಬೆರಳಿನ ಉಗುರನ್ನು ಒಂದು ಗೆರೆಯ ಮೇಲಿಟ್ಟು ಉದ್ದಕ್ಕೂ ಎಳೆಯುತ್ತ ಹೋದರು, ಎರಡು ಅಡಿಯಾಗುವ ಮೊದಲೇ ಉಗುರು ಅಂಚಿನಿಂದ ಜಾರಿತು. ಆ ದಿನ ಅವರು ಮೂವತ್ತು ಮೂವತ್ತೈದು ಹಲಗೆ ತಿರುವಿಹಾಕಿ ಎರಡನ್ನು ಮಾತ್ರ ಪಕ್ಕಕ್ಕಿಟ್ಟರು.

ಅವರು ನೋಡಿದ ಕ್ರಮ ಹೀಗಿತ್ತು. ಮೊದಲು ಹಲಗೆಯ ಅಗಲದ ಮೈಯಲ್ಲಿ ಗೆರೆಗಳು ಒಂದು ತುದಿಯಿಂದ ಇನ್ನೊಂದಕ್ಕೆ ಅಂಚಿಗೆ ಸಮಾನಾಂತರವಾಗಿ ಓಡಬೇಕು; ದೀಪದ ಕುಡಿಯಂತೆ ಮೊನೆಯಾಗಿ ಮುಗಿಯುವ ಗೆರೆಗಳಿದ್ದರೆ, ಗರಗಸ ಅಲ್ಲಿ ಮರದ ಪದರಗಳನ್ನು ಓರೆಯಾಗಿ ಕಡಿದಿದೆ ಎಂದು ತಿಳಿಯಬೇಕು. ಆಮೇಲೆ ಹಲಗೆಯನ್ನು ಮಗ್ಗುಲಿಗೆ ತಿರುಗಿಸಿ ದಪ್ಪದ ಕಡೆಯಲ್ಲೂ ಅದನ್ನೇ ನೋಡಬೇಕು. ಬಹಳ ಮಂದಿ ಇದನ್ನು ಮರೆಯುತ್ತಾರೆ, ಆದರೆ ಬೆನ್ನಿನ ನಾರು ಕಡಿದಿದೆಯೋ ಇಲ್ಲವೋ ಎಂಬುದು ಹೆಚ್ಚು ಸ್ಪಷ್ಟವಾಗುವುದು ಮಗ್ಗುಲಲ್ಲೇ. ಹೊನ್ನೆಯಂಥ ಮರಗಳಲ್ಲಿ ವರ್ಷದ ಉಂಗುರಗಳು ಎದ್ದು ಕಾಣುವುದಿಲ್ಲ, ನಾರೂ ಹೆಣೆದುಕೊಂಡಿರುತ್ತದೆ. ಅಂಥ ಕಡೆ ಮೈಯನ್ನು ನುಣುಪು ಮಾಡಿ ಒಂದು ತೊಟ್ಟು ಶಾಯಿ ಬಿಟ್ಟರೆ ಅದು ನಾರಿನ ದಿಕ್ಕಿನಲ್ಲೇ ಸೆಳೆದುಕೊಂಡು ಹರಡುತ್ತದೆ. ಅಥವಾ ಹಲಗೆಯ ಕೊನೆಯಿಂದ ಕೊಯ್ದ ತುಂಡಿಗೆ ಉಳಿಯಿಟ್ಟು ಸೀಳಿ ನೋಡಬಹುದು. ಸೀಳು ಎತ್ತ ಓಡುತ್ತದೆಯೋ ನಾರೂ ಅತ್ತಲೇ. ಗಂಟು, ಗಂಟಿನ ಪಕ್ಕದ ಸುಳಿ, ಕೂದಲೆಳೆಯ ಬಿರುಕು ಯಾವುದಿದ್ದರೂ ಹಲಗೆಯನ್ನು ಬಿಟ್ಟುಬಿಡಬೇಕು. ಚಿಕ್ಕ ಗಂಟು ಹಿಡಿಯ ಜಾಗಕ್ಕೆ ಬರುವಂತಿದ್ದರೆ ಮಾತ್ರ ನಾನು ಒಪ್ಪುತ್ತೇನೆ, ಅಲ್ಲಿ ಬಿಲ್ಲು ಬಾಗುವುದಿಲ್ಲ.

ಆರು ಅಡಿ ಉದ್ದ, ಎರಡು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆ ಮನೆಗೆ ಬಂದಮೇಲೆ ಅದನ್ನು ಒಣಗಿಸಬೇಕು. ಕಾಫಿ ಬೀಜವನ್ನು ಶೇ. 10ರಿಂದ 12ರ ತೇವಾಂಶಕ್ಕೆ ತರಲು ಕಣದಲ್ಲಿ ಹರಡಿ ಕಾಯುವ ಜಿಲ್ಲೆಗಳವರಿಗೆ ತೇವಾಂಶ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬಿಲ್ಲಿನ ಮರಕ್ಕೆ ಶೇ. 8ರಿಂದ 10 ಒಳ್ಳೆಯ ಹದ. ಅದಕ್ಕಿಂತ ಹಸಿಯಿದ್ದರೆ ಹೊಟ್ಟೆಯ ನಾರು ಅದುಮಿದಲ್ಲೇ ಕೂತುಬಿಡುತ್ತದೆ, ಹೆದೆ ಬಿಚ್ಚಿದರೂ ಬಿಲ್ಲು ನೆಟ್ಟಗಾಗುವುದಿಲ್ಲ. ತೀರ ಒಣಗಿದರೆ ಬೆನ್ನು ಪೆಡಸಾಗಿ ಸಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಕೊಪ್ಪ, ಶೃಂಗೇರಿಯ ಗಾಳಿಯಲ್ಲಿ ಬಯಲಿನಲ್ಲಿಟ್ಟ ಯಾವ ಮರವೂ ಈ ಹದಕ್ಕೆ ಬರುವುದಿಲ್ಲ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ವಾರಕ್ಕೊಮ್ಮೆ ಹಲಗೆಯನ್ನು ಇಳಿಸಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಹಲಗೆಯ ಮೇಲೆಯೇ ಬರೆದಿಟ್ಟರೆ ಸಾಕು. ಎರಡು ಮೂರು ವಾರ ತೂಕ ಒಂದೇ ಕಡೆ ನಿಂತರೆ ಮರ ಅಟ್ಟದ ಗಾಳಿಗೆ ಸರಿಯಾಗಿ ಒಣಗಿದೆ ಎಂದರ್ಥ. ನಾನಂತೂ ಬಿಲ್ಲಿನ ಕೆಲಸವನ್ನು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಮಾಡುತ್ತೇನೆ.

ಇನ್ನು ಬಿಲ್ಲಿನ ಆಕಾರ. ಮೊದಲ ಬಾರಿಗೆ ಮಾಡುವವರಿಗೆ, ಹಿಡಿಯ ಪಕ್ಕದಲ್ಲಿ ಪೂರ್ತಿ ಎರಡು ಇಂಚು ಅಗಲವಿದ್ದು ತುದಿಗೆ ಬರುವಾಗ ನೇರ ಗೆರೆಯಲ್ಲಿ ಅರ್ಧ ಇಂಚಿಗೆ ಇಳಿಯುವ ತೋಳು ಎಲ್ಲಕ್ಕಿಂತ ಸುರಕ್ಷಿತ. ಇದಕ್ಕೆ ಕಾರಣವಿದೆ. ಹೆದೆಯ ಎಳೆತ ತುದಿಗೆ ಬಿದ್ದಾಗ ತೋಳನ್ನು ಬಾಗಿಸುವ ಬಲದ ಪರಿಣಾಮ ಹಿಡಿಯ ಬಳಿ ಅತಿ ಹೆಚ್ಚು, ತುದಿಯತ್ತ ಹೋದಂತೆ ಸಮವಾಗಿ ಕಡಿಮೆ. ಅಗಲವೂ ಅದೇ ಲೆಕ್ಕದಲ್ಲಿ ಕಡಿಮೆಯಾದರೆ ದಪ್ಪವನ್ನು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ಇಡಬಹುದು. ತೋಳು ವೃತ್ತದ ಕಂಸದಂತೆ ಬಾಗುತ್ತದೆ, ಬೆನ್ನಿನ ಪ್ರತಿ ಇಂಚೂ ಒಂದೇ ಪ್ರಮಾಣದ ಎಳೆತವನ್ನು ಹೊರುತ್ತದೆ. ಬಿಲ್ಲಿನ ಒಟ್ಟು ಉದ್ದ 68 ಇಂಚು ಇರಲಿ, 28 ಇಂಚು ಎಳೆಯುವವರಿಗೆ ಇದು ಸಾಕಾಗುತ್ತದೆ. ಹಲಗೆಯ ನಡುವೆ ದಾರ ಬಿಗಿದು ಮಧ್ಯರೇಖೆ ಹಾಕಬೇಕು. ಹಲಗೆಯ ಅಂಚನ್ನು ನಂಬಿ ಅಳತೆ ಮಾಡಬಾರದು. ಹಿಡಿಗಾಗಿ ಎಂಟು ಇಂಚು ಉದ್ದದ ಒಂದು ತುಂಡನ್ನು ಹೊಟ್ಟೆಯ ಕಡೆಗೆ ಅಂಟಿಸಿ, ಅದರ ಎರಡೂ ಕೊನೆಗಳನ್ನು ಇಳಿಜಾರಾಗಿ ತೋಳಿನೊಳಗೆ ಕರಗುವಂತೆ ಕೆತ್ತಬೇಕು. ಅರಾಲ್ಡೈಟ್‌ನಂಥ ಎರಡು ಭಾಗದ ಅಂಟು ಈ ಜಾಗಕ್ಕೆ ನಂಬಿಕಸ್ಥ. ಅಂಟು ಗಟ್ಟಿಯಾಗಲು ಒಂದು ಪೂರ್ತಿ ದಿನ ಬಿಡಬೇಕು.

ಆಕಾರ ಕೊಯ್ದ ಮೇಲೆ ಬೆನ್ನಿನ ಮೈಯನ್ನು ಮುಟ್ಟುವಂತಿಲ್ಲ. ಇನ್ನು ಮುಂದೆ ತೆಗೆಯುವ ಮರವೆಲ್ಲ ಹೊಟ್ಟೆಯ ಕಡೆಯಿಂದಲೇ. ದಪ್ಪವನ್ನು ಒಂದೇ ಸಮನೆ ಅರ್ಧ ಇಂಚಿನ ಹತ್ತಿರಕ್ಕೆ ಇಳಿಸಿ, ಬಿಲ್ಲಿನ ಒಂದು ತುದಿಯನ್ನು ನೆಲಕ್ಕೂರಿ ಹಿಡಿಯನ್ನು ಮೆಲ್ಲನೆ ಒತ್ತಿದರೆ ತೋಳು ಎಲ್ಲಿ ಬಾಗುತ್ತಿದೆ, ಎಲ್ಲಿ ಬಾಗುತ್ತಿಲ್ಲ ಎಂಬುದು ಕಾಣತೊಡಗುತ್ತದೆ. ಇಲ್ಲಿಂದ ಆರಂಭವಾಗುವ ಕೆಲಸವನ್ನು ನಾನು ಬಾಗು ತಿದ್ದುವುದು ಎನ್ನುತ್ತೇನೆ. ಬಿಲ್ಲು ಮಾಡುವ ವಿದ್ಯೆ ಎಂದರೆ ಮುಕ್ಕಾಲು ಪಾಲು ಇದೇ.

ಗೋಡೆಗೆ ಬಿಗಿದ ಮರದ ಗೂಟದ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಸಡಿಲವಾದ ಉದ್ದ ಹೆದೆ ಕಟ್ಟಿ, ನೆಲದ ಹತ್ತಿರದ ರಾಟೆಯ ಮೂಲಕ ಹಗ್ಗ ಹಾಯಿಸಿದರೆ ನಾಲ್ಕು ಮಾರು ದೂರ ನಿಂತು ಹಗ್ಗ ಎಳೆಯುತ್ತ ಎರಡೂ ತೋಳುಗಳನ್ನು ಒಟ್ಟಿಗೆ ನೋಡಬಹುದು. ತೋಟದಲ್ಲಿ ಕೊಯ್ದ ಹಣ್ಣು ತೂಗುವ ತೂಗುತಕ್ಕಡಿಯನ್ನು ಹಗ್ಗದ ನಡುವೆ ಸಿಕ್ಕಿಸಿದರೆ ಎಳೆತದ ತೂಕವೂ ತಿಳಿಯುತ್ತದೆ. ನಿಮಗೆ ಬೇಕಾದದ್ದು 16 ಕೆ.ಜಿ.ಯ ಬಿಲ್ಲಾದರೆ, ಮೊದಲ ದಿನ ನಾಲ್ಕು ಇಂಚು ಎಳೆದಾಗಲೂ, ಕೊನೆಯ ದಿನ 28 ಇಂಚು ಎಳೆದಾಗಲೂ ತಕ್ಕಡಿಯ ಮುಳ್ಳು 16ನ್ನು ದಾಟಬಾರದು. ಆ ತೂಕ ಬಂದಲ್ಲಿಗೆ ನಿಲ್ಲಿಸಿ, ಬಿಗುಪಾದ ಜಾಗಗಳನ್ನು ಕೆರೆದು, ಮತ್ತೆ ಎಳೆಯಬೇಕು. ಪ್ರತಿ ಸಲ ಕೆರೆದ ಮೇಲೂ ಇಪ್ಪತ್ತು ಮೂವತ್ತು ಬಾರಿ ಮೆಲ್ಲಗೆ ಬಾಗಿಸಿದ ನಂತರವೇ ಅದರ ಫಲ ಕಾಣುತ್ತದೆ. ಈ ತಾಳ್ಮೆಯಿಲ್ಲದೆ ಮತ್ತೆ ಮತ್ತೆ ಕೆರೆದವರ ಬಿಲ್ಲು ಕೊನೆಗೆ ಮಕ್ಕಳ ಆಟಿಕೆಯಷ್ಟು ಮೆದುವಾಗುತ್ತದೆ.

ಕಣ್ಣಿಗೆ ಮೋಸವಾಗುವ ಕಡೆ ಒಂದು ಚಿಕ್ಕ ಸಾಧನ ನೆರವಾಗುತ್ತದೆ. ಆರು ಇಂಚು ಉದ್ದದ ನೇರವಾದ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ತೂರಿಸಿ. ಬಾಗಿದ ತೋಳಿನ ಹೊಟ್ಟೆ ಒಳತಗ್ಗಾಗಿರುವುದರಿಂದ ತುಂಡಿನ ಎರಡು ಕೊನೆಗಳು ಮರವನ್ನು ಮುಟ್ಟಿ ನಡುವೆ ಸಂದು ಉಳಿಯುತ್ತದೆ. ಅತಿ ಹೆಚ್ಚು ಬಾಗಿದ ಜಾಗದಲ್ಲಿ ಪೆನ್ಸಿಲ್ ಕೂದಲೆಳೆಯಷ್ಟರಲ್ಲಿ ಮರವನ್ನು ಮುಟ್ಟದಂತೆ ಹೊಂದಿಸಿ, ತುಂಡನ್ನು ತೋಳಿನ ಉದ್ದಕ್ಕೂ ಸರಿಸುತ್ತ ಹೋಗಿ. ಬಾಗು ಕಡಿಮೆಯಿದ್ದಲ್ಲಿ ಸಂದೂ ಕಡಿಮೆಯಾಗಿ ಪೆನ್ಸಿಲ್ ಗೀಟು ಬೀಳುತ್ತದೆ. ಗೀಟು ಬಿದ್ದಲ್ಲಿ ಮಾತ್ರ ಕೆರೆಯಬೇಕು. ಮೆದುವಾದ ಜಾಗವನ್ನು ಮುಟ್ಟಲೇಬಾರದು, ಅದರ ಅಕ್ಕಪಕ್ಕದ ಬಿಗುಪನ್ನು ಇಳಿಸಿ ಬಾಗನ್ನು ಹಂಚಬೇಕು. ಹಾಗೆ ಹಂಚದೆ ಎಳೆದರೆ ಮೆದು ಜಾಗದ ಹೊಟ್ಟೆಯಲ್ಲಿ ಅಡ್ಡಕ್ಕೆ ಕೂದಲಿನಷ್ಟು ಸಣ್ಣ ಸುಕ್ಕುಗೆರೆ ಮೂಡುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಕಾಣುವ, ಉಗುರಿಗೆ ತಗಲುವ ಆ ಗೆರೆಯಲ್ಲಿ ನಾರು ಅದುಮಿ ಮಡಚಿಕೊಂಡಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಜಾಗ ಇನ್ನಷ್ಟು ತೆಳುವಾಗುತ್ತದೆಯೇ ಹೊರತು ನಾರು ಮೊದಲಿನಂತಾಗುವುದಿಲ್ಲ.

ಉಜ್ಜುಗೊರಡಿನ ಕೆಲಸ ಬೇಗನೆ ಮುಗಿಯುತ್ತದೆ. ಆಮೇಲೆ ಒರಟು ಅರ, ನಂತರ ನುಣುಪು ಅರ, ಕಡೆಯ ಆರೇಳು ಇಂಚಿನ ಎಳೆತಕ್ಕೆ ಗಾಜಿನ ಚೂರು ಅಥವಾ ಹರಿತವಾದ ಉಕ್ಕಿನ ತಗಡು. ಪ್ರತಿ ದಿನದ ಕೊನೆಗೆ ಹೆದೆ ಬಿಚ್ಚಿ, ತುದಿಗಳು ಹಿಡಿಯ ಬೆನ್ನಿನ ಮಟ್ಟಕ್ಕಿಂತ ಎಷ್ಟು ಹೊಟ್ಟೆಯತ್ತ ಬಾಗಿಯೇ ಉಳಿದಿವೆ ಎಂದು ಅಳೆಯಬೇಕು. ಒಂದೂವರೆ ಇಂಚಿನೊಳಗಿದ್ದರೆ ಒಳ್ಳೆಯ ಬಿಲ್ಲು. ಈ ಅಳತೆ ಒಂದೇ ದಿನದಲ್ಲಿ ಥಟ್ಟನೆ ಹೆಚ್ಚಿದ್ದರೆ ಎಲ್ಲೋ ಒಂದು ಕಡೆ ಮರ ಸೋಲುತ್ತಿದೆ. ಅದನ್ನು ಹುಡುಕುವವರೆಗೆ ಮುಂದಿನ ಇಂಚು ಎಳೆಯುವುದು ಬೇಡ. ಕೆಳಗಿನ ತೋಳು ಮೇಲಿನದಕ್ಕಿಂತ ಕೊಂಚ ಬಿಗುಪಾಗಿರಲಿ, ಏಕೆಂದರೆ ಬಾಣವನ್ನು ನಡುವಿಗಿಂತ ಸ್ವಲ್ಪ ಮೇಲೆ ಹೂಡುತ್ತೇವೆ.

ಹೆದೆ ಸಿಕ್ಕಿಸುವ ತುದಿಯ ಗೀರಿಗೆ ಹಳಗನ್ನಡದಲ್ಲಿ ಕೊಪ್ಪು ಎಂಬ ಚೆಂದದ ಹೆಸರಿದೆ. ಕೊಪ್ಪನ್ನು ಮಗ್ಗುಲಲ್ಲಿ ಓರೆಯಾಗಿ ದುಂಡು ಅರದಿಂದ ಕೊರೆಯಬೇಕು. ಬೆನ್ನಿನ ಮೈಗೆ ಅಡ್ಡಲಾಗಿ ಕೊರೆದರೆ ನಾರನ್ನು ಕೈಯಾರೆ ಕಡಿದಂತಾಗುತ್ತದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿ ಒಬ್ಬಳಿದ್ದಾಳೆ. ಬಿಲ್ಲು ಮಾಡಲು ಕಲಿತ ಮೇಲೆ ಅವಳೆದುರು ನಿಂತರೆ ಕಣ್ಣು ಮೊದಲು ಹುಡುಕುವುದು ತೋಳುಗಳ ಬಾಗನ್ನು. ಹೆದೆಗೆ ಹೆಚ್ಚು ಹಿಗ್ಗದ, ಆದರೆ ತುಸು ಹಿಗ್ಗುವ ಡಾಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ 12ರಿಂದ 14 ಎಳೆ ಸಾಕು. ಸ್ವಲ್ಪವೂ ಹಿಗ್ಗದ ಆಧುನಿಕ ನೂಲು ಬಾಣ ಬಿಟ್ಟ ಕ್ಷಣದ ಪೆಟ್ಟನ್ನೆಲ್ಲ ಮರದ ತುದಿಗೇ ಕೊಡುತ್ತದೆ. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ ಸುಮಾರು ಆರು ಇಂಚು ಅಂತರವಿರಬೇಕು.

ಬೆನ್ನಿನ ಎರಡೂ ಅಂಚುಗಳ ಚೂಪು ಮೂಲೆಯನ್ನು ಪೆನ್ಸಿಲ್ಲಿನ ದುಂಡಿಗೆ ಬರುವಂತೆ ತಿಕ್ಕುವುದನ್ನು ಮಾತ್ರ ಯಾರೂ ಬಿಡಬಾರದು. ಸಿಬಿರು ಏಳುವುದು ಬಹುತೇಕ ಆ ಮೂಲೆಯಿಂದಲೇ. ಉಪ್ಪುಕಾಗದದಿಂದ ಉದ್ದುದ್ದಕ್ಕೆ ಉಜ್ಜಿ, ಅರಗಿನ ಪಾಲಿಶನ್ನು ತೆಳುವಾಗಿ ನಾಲ್ಕೈದು ಸಲ ಬಳಿದರೆ ತೇವ ಒಳಗೆ ಹೋಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಬಿಲ್ಲನ್ನು ಹೆದೆ ಬಿಚ್ಚಿ, ಅಟ್ಟದ ಹತ್ತಿರ ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಬೇಕು. ಮೂಲೆಗೆ ಒರಗಿಸಿ ನಿಲ್ಲಿಸಿದರೆ ಕೆಳಗಿನ ತೋಳು ತನ್ನ ಭಾರಕ್ಕೇ ಬಾಗು ಹಿಡಿಯುತ್ತದೆ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ತೋಳಿಗೇ ತಿರುಗುತ್ತದೆ. ಅಳತೆಗಿಂತ ಉದ್ದ ಎಳೆಯುವವರ ಕೈಗೂ ಬಿಲ್ಲನ್ನು ಕೊಡಬಾರದು. ಎಳೆದು ಹಿಡಿದು ಮಾತಾಡುತ್ತ ನಿಲ್ಲುವುದು ಬೇಡ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಪೂರ್ತಿ ಬಾಗಿದ ಮರ ಪ್ರತಿ ಕ್ಷಣವೂ ಕೊಂಚ ಸೋಲುತ್ತದೆ.

ಹೊಸ ಬಿಲ್ಲಿನಿಂದ ನೂರು ಬಾಣ ಬಿಟ್ಟ ಮೇಲೆ ಮತ್ತೆ ತೂಗುತಕ್ಕಡಿಗೆ ಹಾಕಿ ನೋಡಿ. ಅರ್ಧ ಕೆ.ಜಿ., ಕೆಲವೊಮ್ಮೆ ಒಂದು ಕೆ.ಜಿ. ಇಳಿದಿರುತ್ತದೆ; ಇನ್ನೂ ನೂರು ಬಾಣದ ನಂತರವೂ ತೂಕ ಅಲ್ಲೇ ನಿಂತಿದ್ದರೆ ಬಿಲ್ಲು ಪಳಗಿದೆ. ಆಗ ಹಿಡಿಗೆ ಚರ್ಮ ಸುತ್ತಿ, ಬೆನ್ನಿನ ಮೇಲೆ ಮರದ ಹೆಸರು, ಎಳೆತದ ತೂಕ ಮತ್ತು ವರ್ಷವನ್ನು ಪೆನ್ಸಿಲ್‌ನಲ್ಲಿ ಬರೆದು, ಅದರ ಮೇಲೊಂದು ಪದರ ಅರಗು ಬಳಿಯಿರಿ.